ಶ್ರೋಣಿ ನರಗಳ ಕಾಂತೀಯ ಪರೀಕ್ಷೆ: ಮಾಡುವ ಕ್ರಮ

ಹೆರಿಗೆಯ ನಂತರ ಮಲ ಅಥವಾ ಮೂತ್ರದ ಹಿಡಿತ ತಪ್ಪಿದವರಲ್ಲಿ ದೋಷ ಸ್ನಾಯುವಿನದೋ ನರದ್ದೋ ಎಂದು ಬೆರಳಿನಿಂದ ಪರೀಕ್ಷಿಸಿ ಹೇಳಲಾಗದು. ಗುದದ್ವಾರದ ಹೊರ ಬಿಗಿಸ್ನಾಯುವನ್ನು ನಡೆಸುವ ಪ್ಯುಡೆಂಡಲ್ ನರ ತ್ರಿಕಾಸ್ಥಿಯ (ಬೆನ್ನೆಲುಬಿನ ಬುಡದ ತ್ರಿಕೋನ ಮೂಳೆ) ಎರಡರಿಂದ ನಾಲ್ಕನೆಯ ನರಬೇರುಗಳಿಂದ ಹುಟ್ಟುತ್ತದೆ. 1980ರ ದಶಕದಲ್ಲಿ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯಿಂದ ಬಂದ ವಿಧಾನದಲ್ಲಿ ಬೆರಳಿಗೆ ಅಂಟಿಸಿದ ಎಲೆಕ್ಟ್ರೋಡ್ ಅನ್ನು ಗುದನಾಳದೊಳಗಿಟ್ಟು ಈ ನರವನ್ನು ಪ್ರಚೋದಿಸುತ್ತಾರೆ. ಅದು ಅಳೆಯುವುದು ನರದ ದಾರಿಯ ಕೊನೆಯ ತುಂಡನ್ನು ಮಾತ್ರ. ಆಂಥನಿ ಬಾರ್ಕರ್ ಮತ್ತು ಸಂಗಡಿಗರು 1985ರಲ್ಲಿ ಶೆಫೀಲ್ಡ್‌ನಲ್ಲಿ ತೋರಿಸಿಕೊಟ್ಟ ಕಾಂತೀಯ ಪ್ರಚೋದನೆ ಮೂಳೆಯ ತಡೆಯಿಲ್ಲದೆ ಒಳಗಿಳಿಯುವುದರಿಂದ, ನರಬೇರನ್ನೇ ಬೆನ್ನಿನ ಮೇಲಿಂದ ತಲುಪಬಹುದು. ಈ ಟಿಪ್ಪಣಿ ವೈದ್ಯರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವ ತರಬೇತಿ ಪಡೆದ ತಂತ್ರಜ್ಞರಿಗಾಗಿ.

ಮೊದಲು ಪ್ರಶ್ನೆಗಳು. ಪೇಸ್‌ಮೇಕರ್, ಕಾಕ್ಲಿಯರ್ ಇಂಪ್ಲಾಂಟ್, ತ್ರಿಕಾಸ್ಥಿ ನರಕ್ಕೆ ಹಾಕಿದ ಉಪಕರಣ ಇದ್ದವರಿಗೆ ಈ ಪರೀಕ್ಷೆ ಸಲ್ಲದು, ಗರ್ಭಿಣಿಯರಿಗೂ ಮಾಡುವುದಿಲ್ಲ. ಸೊಂಟದಲ್ಲಿ ಲೋಹದ ಪಟ್ಟಿ ಅಥವಾ ಸ್ಕ್ರೂ ಇದ್ದರೆ ವೈದ್ಯರನ್ನು ಕೇಳದೆ ಮುಂದುವರಿಯಬೇಡಿ. ಪರೀಕ್ಷೆ ಮುಜುಗರದ್ದಾದ್ದರಿಂದ ಪ್ರತಿ ಹಂತವನ್ನೂ ಮುಂಚಿತವಾಗಿ ವಿವರಿಸಿ, ಬಾಗಿಲು ಮುಚ್ಚಿ, ರೋಗಿ ಬಯಸಿದರೆ ಒಬ್ಬರನ್ನು ಜೊತೆಗಿರಿಸಿ. ಮೂತ್ರ ಮಾಡಿ ಬರಲು ಹೇಳಿ. ಕಾಯಿಲ್ (ಕಾಂತಕ್ಷೇತ್ರ ಹುಟ್ಟಿಸುವ ತಂತಿಯ ಸುರುಳಿ) ಸಿಡಿಯುವಾಗ ಜೋರಾಗಿ ಟಪ್ಪೆನ್ನುವುದರಿಂದ ರೋಗಿಗೂ ನಿಮಗೂ ಕಿವಿಗೆ ಬಿರಡೆ ಬೇಕು. ಕೈಗಡಿಯಾರ, ಬ್ಯಾಂಕ್ ಕಾರ್ಡು, ಮೊಬೈಲು ದೂರವಿರಲಿ.

ರೋಗಿಯನ್ನು ಎಡಮಗ್ಗುಲಾಗಿ ಮಲಗಿಸಿ, ಉಂಗುರ ಎಲೆಕ್ಟ್ರೋಡ್ ಇರುವ ತೆಳುವಾದ ಶೋಧಕವನ್ನು ಜೆಲ್ಲಿ ಸವರಿ ಗುದನಾಳದಲ್ಲಿಡಿ. ಭೂಸಂಪರ್ಕದ ಎಲೆಕ್ಟ್ರೋಡ್ ಕಾಯಿಲ್‌ಗೂ ಶೋಧಕಕ್ಕೂ ನಡುವೆ ಬರಲಿ. ಹೆಚ್ಚಿನವರು ಎಡವುವುದು ತಂತಿಗಳಲ್ಲಿ: ಅವು ಬಳೆಯಂತೆ ಸುತ್ತಿ ಬಿದ್ದಿದ್ದರೆ, ಬದಲಾಗುವ ಕಾಂತಕ್ಷೇತ್ರ ಅವುಗಳಲ್ಲೇ ವಿದ್ಯುತ್ತನ್ನು ಹುಟ್ಟಿಸಿ, ಪರದೆಯ ಆರಂಭದ ಕೆಲವು ಮಿಲಿಸೆಕೆಂಡುಗಳನ್ನು ಸುಳ್ಳು ಅಲೆಯಿಂದ ಮುಚ್ಚಿಬಿಡುತ್ತದೆ. ನಮಗೆ ಬೇಕಾದ ಅಲೆ, ಅಂದರೆ ಪ್ರಚೋದನೆಗೆ ಸ್ನಾಯು ಕೊಡುವ ವಿದ್ಯುತ್ ಉತ್ತರ, ಅದೂ ಅಲ್ಲೇ ಇರುತ್ತದೆ. ಹಾಗಾಗಿ ತಂತಿಗಳನ್ನು ಜೊತೆಯಾಗಿ ಹೊಸೆದು, ಕಾಯಿಲ್‌ನಿಂದ ದೂರಕ್ಕೆ ನೇರವಾಗಿ ಎಳೆದುಕೊಳ್ಳಿ.

ಸೊಂಟದ ಹಿಂಬದಿಯ ಎರಡು ಗುಳಿಗಳನ್ನು ಸೇರಿಸುವ ಗೆರೆ ಎರಡನೆಯ ತ್ರಿಕಾಸ್ಥಿ ಬೇರಿನ ಮಟ್ಟಕ್ಕೆ ಹತ್ತಿರ. ಮೂರನೆಯದು ಅದಕ್ಕಿಂತ ತುಸು ಕೆಳಗೆ, ನಡುಗೆರೆಯಿಂದ ಸುಮಾರು 2 ಸೆಂಟಿಮೀಟರ್ ಬದಿಗೆ. ಕಾಯಿಲ್ ಅನ್ನು ಅಲ್ಲಿ ಚರ್ಮಕ್ಕೆ ಒತ್ತಿಹಿಡಿದು, ಕಡಿಮೆ ಬಲದಿಂದ ಆರಂಭಿಸಿ ಸ್ವಲ್ಪ ಸ್ವಲ್ಪವೇ ಏರಿಸಿ, ಅಲೆ ಇನ್ನು ದೊಡ್ಡದಾಗದ ಮಟ್ಟದಲ್ಲಿ ನಿಲ್ಲಿಸಿ. ರೋಗಿ ಸ್ನಾಯುವನ್ನು ಸಡಿಲ ಬಿಟ್ಟಿರಬೇಕು, ಬಿಗಿಹಿಡಿದರೆ ಅಲೆಯ ಆರಂಭ ಗೊತ್ತಾಗುವುದಿಲ್ಲ. ಒಂದರ ಮೇಲೊಂದಿಟ್ಟರೆ ಹೊಂದುವ ಕನಿಷ್ಠ ಮೂರು ಅಲೆಗಳು ಸಿಗುವವರೆಗೆ ಜಾಗವನ್ನು ಸಣ್ಣಗೆ ಸರಿಸಿ ನೋಡಿ. ನಂತರ ಇನ್ನೊಂದು ಬದಿ. ಅಮೆರಿಕದ ಆಗಸ್ಟಾದಲ್ಲಿ ಸತೀಶ್ ರಾವ್ ಅವರ ತಂಡ ಬಳಸುವ ಕ್ರಮದಲ್ಲಿ ತ್ರಿಕಾಸ್ಥಿಗಿಂತ ಮೇಲಿನ ಸೊಂಟದ ಬೆನ್ನೆಲುಬಿನ ಮಟ್ಟದಲ್ಲಿಯೂ ಎರಡೂ ಬದಿ ಪ್ರಚೋದಿಸಿ, ಗುದದ್ವಾರ ಮತ್ತು ಗುದನಾಳ ಎರಡರಿಂದಲೂ ಅಲೆ ಪಡೆಯುತ್ತಾರೆ.

ಓದುವಾಗ ಎಚ್ಚರ ಬೇಕು. ಪ್ರಚೋದನೆಯಿಂದ ಅಲೆಯ ಆರಂಭದವರೆಗಿನ ಕಾಲ ತಿಳಿಸುವುದು ನರದ ಅತಿ ವೇಗದ ಎಳೆಗಳ ಸ್ಥಿತಿಯನ್ನು. ಅರ್ಧದಷ್ಟು ಎಳೆಗಳು ಸತ್ತು ಉಳಿದವು ಚುರುಕಾಗಿದ್ದರೂ ಈ ಕಾಲ ಸಹಜವೇ ಇರಬಹುದು. ಕಾಯಿಲ್ ಬೇರನ್ನು ಮೂಳೆಯ ರಂಧ್ರದ ಬಳಿ ಪ್ರಚೋದಿಸುವುದರಿಂದ ಬೆನ್ನೆಲುಬಿನ ಕೊಳವೆಯೊಳಗಿನ ದೋಷವೂ ತಪ್ಪಿಹೋಗಬಹುದು. ಮೈ ದಪ್ಪವಿದ್ದವರಲ್ಲಿ ಆಳಕ್ಕೆ ಹೋದಂತೆ ಕ್ಷೇತ್ರ ಬೇಗ ಕುಗ್ಗುತ್ತದೆ, ಆದ್ದರಿಂದ ಅಲೆ ಸಿಗದಿದ್ದರೆ ನರ ಕೆಟ್ಟಿದೆ ಎಂದು ಬರೆಯುವ ಮೊದಲು ಕಾಯಿಲ್‌ನ ಜಾಗವನ್ನು ಮತ್ತೊಮ್ಮೆ ಹುಡುಕಬೇಕು. ಉಂಗುರ ಎಲೆಕ್ಟ್ರೋಡ್ ಎರಡೂ ಬದಿಯ ಸ್ನಾಯುವನ್ನು ಒಟ್ಟಿಗೆ ಕೇಳಿಸಿಕೊಳ್ಳುವ ಕಾರಣ, ಬಲಕ್ಕೆ ಇಟ್ಟ ಕಾಯಿಲ್ ಎಡಕ್ಕೂ ಹರಡಿದರೆ ಒಂದು ಬದಿಯ ದೋಷ ಮರೆಯಾಗುತ್ತದೆ. ಆ ಅನುಮಾನವಿದ್ದಾಗ ಸೂಜಿ ಎಲೆಕ್ಟ್ರೋಡ್‌ನಿಂದ ಬದಿಬದಿಯಾಗಿ ನೋಡುವುದೇ ಸರಿ. ವರದಿಯಲ್ಲಿ ಕಾಲದ ಜೊತೆಗೆ ಕಾಯಿಲ್‌ನ ಬಗೆ, ಜಾಗ, ಬಲದ ಶೇಕಡಾವಾರು ಮತ್ತು ನಿಮ್ಮ ಪ್ರಯೋಗಾಲಯವೇ ಆರೋಗ್ಯವಂತರಲ್ಲಿ ಅಳೆದ ಮಿತಿಗಳನ್ನು ನಮೂದಿಸಿ, ಬೇರೆಯವರ ಮಿತಿಗಳನ್ನು ಎರವಲು ತರಬೇಡಿ.