ಸ್ಪೀಕರ್ ಡಾಕ್ ಮಾತು ಕೇಳದಿದ್ದರೆ: ದೋಷ ಹುಡುಕುವ ಕ್ರಮ

ಮ್ಯೂಸಿಕ್ ಪ್ಲೇಯರನ್ನು ಮೇಲೆ ಕೂರಿಸಿ ಹಾಡು ಕೇಳುವ ಸ್ಪೀಕರ್ ಡಾಕ್ ಒಂದು ದಿನ ಸುಮ್ಮನಾದರೆ, ಅದು ಕೆಟ್ಟೇಹೋಯಿತೆಂದು ಅಟ್ಟಕ್ಕೆ ಏರಿಸುವವರೇ ಹೆಚ್ಚು. ಆದರೆ ಇಂಥ ಸಾಧನಗಳಲ್ಲಿ ಒಳಗಿನ ಆಂಪ್ಲಿಫೈಯರ್‌ಗಿಂತ ಮೊದಲು ಕೈಕೊಡುವುದು ಸಾಮಾನ್ಯವಾಗಿ ಹೊರಗಿನ ಸಂಪರ್ಕಗಳು. ಆದ್ದರಿಂದ ಸ್ಕ್ರೂಡ್ರೈವರ್ ಹಿಡಿಯುವ ಮುನ್ನ ದೋಷ ಯಾವ ಕಡೆಗಿದೆ ಎಂದು ಗೊತ್ತುಮಾಡಿಕೊಳ್ಳಬೇಕು.

ದೀಪವೇ ಹೊತ್ತದಿದ್ದರೆ ಅಡಾಪ್ಟರ್‌ನಿಂದ ಆರಂಭಿಸಿ. ಅದರ ಮೇಲೆ ಮುದ್ರಿಸಿರುವ ಔಟ್‌ಪುಟ್ ವೋಲ್ಟೇಜ್ ಮತ್ತು ಪ್ಲಸ್-ಮೈನಸ್ ಗುರುತು ಡಾಕ್‌ನ ಕೆಳಗಿರುವ ಸೂಚನೆಗೆ ತಾಳೆಯಾಗಲೇಬೇಕು. ಆಂಪಿಯರ್ ಮಾತ್ರ ಅಷ್ಟೇ ಇರಬಹುದು ಅಥವಾ ಹೆಚ್ಚಿರಬಹುದು, ಕಡಿಮೆ ಇರಬಾರದು. ಪಿನ್ ಸರಿಯಾಗಿ ಕೂರುತ್ತದೆ ಎಂಬ ಒಂದೇ ಕಾರಣಕ್ಕೆ ಬೇರೆ ಸಾಧನದ ಅಡಾಪ್ಟರ್ ಚುಚ್ಚುವುದು ಅಪಾಯಕಾರಿ.

ಸೆಲ್ ಹಾಕುವ ಡಾಕ್ ಆದರೆ ಮುಚ್ಚಳ ತೆಗೆದು ಸ್ಪ್ರಿಂಗ್‌ಗಳನ್ನು ಬೆಳಕಿನಲ್ಲಿ ನೋಡಿ. ತಿಂಗಳುಗಟ್ಟಲೆ ಒಳಗೇ ಉಳಿದ ಆಲ್ಕಲೈನ್ ಸೆಲ್ ಸೋರಿದ್ದರೆ ಬಿಳಿಯ ಪುಡಿ ಹರಳುಗಟ್ಟಿರುತ್ತದೆ. ಕೈಗವಸು ತೊಟ್ಟು, ಹತ್ತಿ ಸುತ್ತಿದ ಕಡ್ಡಿಯನ್ನು ವಿನೆಗರ್‌ನಲ್ಲಿ ಅದ್ದಿ ಮುಟ್ಟಿಸಿದರೆ ಅದು ಸಣ್ಣಗೆ ನೊರೆಯೆದ್ದು ಕರಗುತ್ತದೆ. ನಂತರ ಒದ್ದೆ ಕಡ್ಡಿಯಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಮರುಚಾರ್ಜ್ ಮಾಡುವ ನಿಕಲ್ ಸೆಲ್‌ನ ವೋಲ್ಟೇಜ್ 1.5 ಅಲ್ಲ, 1.2. ಹೀಗಾಗಿ ನಾಲ್ಕು ಸೆಲ್ ಸೇರಿದರೂ 6ರ ಬದಲು 4.8 ವೋಲ್ಟ್ ಮಾತ್ರ ಸಿಗುವುದರಿಂದ, ಕೆಲವು ಡಾಕ್‌ಗಳು ದನಿ ಏರಿಸಿದ ಕೂಡಲೇ ಒಡೆದ ಸದ್ದು ಮಾಡಿ ಆರಿಹೋಗುತ್ತವೆ.

ದೀಪ ಹೊತ್ತಿಯೂ ಹಾಡು ಕೇಳದಿದ್ದರೆ ಹಿಂಬದಿಯ 3.5 ಮಿಲಿಮೀಟರ್ ಆಕ್ಸ್ ಕಿಂಡಿಗೆ ಕೇಬಲ್ ಸಿಕ್ಕಿಸಿ, ಬೇರೆ ಯಾವುದಾದರೂ ಸಾಧನದಿಂದ ಹಾಡು ಹಾಕಿ ನೋಡಿ. ನನ್ನ ಮಟ್ಟಿಗೆ ಇಡೀ ತಪಾಸಣೆಯಲ್ಲಿ ಇದೇ ಮುಖ್ಯ ಪರೀಕ್ಷೆ. ಆಕ್ಸ್‌ನಲ್ಲಿ ಹಾಡು ಕೇಳಿಸಿದರೆ ಆಂಪ್ಲಿಫೈಯರ್, ಸ್ಪೀಕರ್ ಎರಡೂ ಸರಿಯಿವೆ ಎಂದರ್ಥ. ದೋಷ ಪ್ಲೇಯರ್ ಕೂರುವ ಜಾಗದಲ್ಲಿದೆ.

ಆಗ ಮೊದಲು ಪ್ಲೇಯರ್‌ನ ಕವಚ ಕಳಚಿ ಕೂರಿಸಿ, ಏಕೆಂದರೆ ದಪ್ಪ ಕವಚ ಒಂದೆರಡು ಮಿಲಿಮೀಟರ್ ಎತ್ತಿ ಹಿಡಿದರೂ ಪಿನ್ನುಗಳು ತಾಗುವುದಿಲ್ಲ. ಬಳಿಕ ಡಾಕ್‌ನ ವಿದ್ಯುತ್ ಸಂಪರ್ಕ ತಪ್ಪಿಸಿ, ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಮೃದು ಬ್ರಷ್‌ನಿಂದ ಪಿನ್ನುಗಳನ್ನು ಉದ್ದಕ್ಕೆ ಮಾತ್ರ ಉಜ್ಜಿ. ಅಡ್ಡಕ್ಕೆ ಉಜ್ಜಿದರೆ ಬಾಗುತ್ತವೆ. ಆಕ್ಸ್ ಕಿಂಡಿಯೊಳಗಿನ ಪುಟ್ಟ ಸ್ವಿಚ್ ಅಂಟಿಕೊಂಡು, ಕೇಬಲ್ ಇಲ್ಲದಿದ್ದರೂ ಇದೆಯೆಂದೇ ಡಾಕ್ ಭಾವಿಸುವುದೂ ಉಂಟು. ಪ್ಲಗ್ಗನ್ನು ಹತ್ತಾರು ಬಾರಿ ಹಾಕಿ ತೆಗೆದರೆ ಅದು ಬಿಟ್ಟುಕೊಳ್ಳಬಹುದು.

ಐಪಾಡ್‌ನಲ್ಲಿ ಹಾಡು ಬರುತ್ತದೆ, ಆದರೆ ಚಾರ್ಜ್ ಆಗುವುದಿಲ್ಲ ಎಂಬ ದೂರಿಗೆ ಕಾರಣವೇ ಬೇರೆ. ಐಪಾಡ್‌ಗೆ 2003ರಲ್ಲಿ ಬಂದ 30 ಪಿನ್ನಿನ ಕಿಂಡಿಯಲ್ಲಿ ಫೈರ್‌ವೈರ್ ಎಂಬ ಹಳೆಯ ಕೇಬಲ್ ಸಂಪರ್ಕದ 12 ವೋಲ್ಟ್, ಯುಎಸ್‌ಬಿಯ 5 ವೋಲ್ಟ್ ಎರಡಕ್ಕೂ ಜಾಗವಿತ್ತು. 2008ರ ಹೊತ್ತಿಗೆ ಹೊಸ ಮಾದರಿಗಳು ಫೈರ್‌ವೈರ್ ಚಾರ್ಜಿಂಗ್ ಕೈಬಿಟ್ಟವು. ಹಳೆಯ ಡಾಕ್ 12 ವೋಲ್ಟ್ ಮಾತ್ರ ಕೊಡುವಂಥದ್ದಾದರೆ ಅದರಲ್ಲಿ ದುರಸ್ತಿ ಮಾಡುವಂಥದ್ದು ಏನೂ ಇಲ್ಲ, ಪ್ಲೇಯರನ್ನು ಬೇರೆಯಾಗಿ ಚಾರ್ಜ್ ಮಾಡಿಕೊಳ್ಳಬೇಕು.

ಆಕ್ಸ್‌ನಲ್ಲೂ ಸದ್ದಿಲ್ಲದಿದ್ದರೆ, ಅಥವಾ ಒಂದೇ ಬದಿಯಲ್ಲಿ ಕೇಳಿಸುತ್ತಿದ್ದರೆ, ಇನ್ನೊಂದು ಕೇಬಲ್ ಹಾಕಿ ಖಚಿತಪಡಿಸಿಕೊಂಡ ಮೇಲಷ್ಟೇ ಡಾಕ್ ಬಿಚ್ಚಿ. ಸ್ಪೀಕರ್‌ನ ಒಂದು ತಂತಿಯನ್ನು ಕಳಚಿ, ಸ್ಪೀಕರ್‌ನದೇ ಎರಡು ತುದಿಗಳಿಗೆ 1.5 ವೋಲ್ಟ್ ಸೆಲ್ಲನ್ನು ಕ್ಷಣಮಾತ್ರ ತಾಗಿಸಿದಾಗ 'ಟಕ್' ಎಂದರೆ ಸ್ಪೀಕರ್ ಜೀವಂತವಾಗಿದೆ, ತೊಂದರೆ ಬೋರ್ಡಿನಲ್ಲಿದೆ. ಒಳಗೆ ಲಿಥಿಯಂ ಬ್ಯಾಟರಿ ಉಬ್ಬಿರುವುದು ಕಂಡರೆ ಮಾತ್ರ ಅದನ್ನು ಒತ್ತದೆ, ಚುಚ್ಚದೆ, ಮತ್ತೆ ಚಾರ್ಜಿಗೂ ಹಾಕದೆ, ರಿಪೇರಿ ಬಲ್ಲವರ ಕೈಗೆ ಒಪ್ಪಿಸಿ.