ಟ್ರಯಲ್ ಬ್ಯಾಲೆನ್ಸ್‌ನಲ್ಲಿ 540 ರೂಪಾಯಿ ವ್ಯತ್ಯಾಸ: ತಪ್ಪು ಸಿಕ್ಕಿದ್ದು ಹೀಗೆ

ಟ್ರಯಲ್ ಬ್ಯಾಲೆನ್ಸ್ ಎಂದರೆ ಎಲ್ಲ ಖಾತೆಗಳ ಡೆಬಿಟ್, ಕ್ರೆಡಿಟ್ ಬಾಕಿಗಳ ಪಟ್ಟಿ; ಎರಡೂ ಬದಿಯ ಮೊತ್ತ ಸಮನಾಗಿರಬೇಕು. ಇಲ್ಲಿ ಡೆಬಿಟ್ ಬದಿ 540 ರೂಪಾಯಿ ಕಡಿಮೆ. ಎರಡೂ ಬದಿ ಮತ್ತೆ ಕೂಡಿದರೂ ಅಷ್ಟೇ. 540ರ ಎಂಟ್ರಿ ಯಾವುದೂ ಬಿಟ್ಟುಹೋಗಿರಲಿಲ್ಲ. ತಪ್ಪು ಬದಿಗೆ ಹೋದ ಮೊತ್ತ ತನ್ನ ಎರಡರಷ್ಟು ವ್ಯತ್ಯಾಸ ತರುತ್ತದೆ; ಆದರೆ 540ರ ಅರ್ಧ, 270, ತಪ್ಪು ಬದಿಗೆ ಪೋಸ್ಟ್ ಆಗಿರಲೂ ಇಲ್ಲ. ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ (ಕಾರಣ ಸಿಗುವವರೆಗೆ ಇಡುವ ತಾತ್ಕಾಲಿಕ ಖಾತೆ) ಹಾಕಿದರೆ ಪಟ್ಟಿಯೇನೋ ತಾಳೆಯಾಗುತ್ತದೆ, ತಪ್ಪು ಅಲ್ಲೇ ಕೂತಿರುತ್ತದೆ.

ದಾರಿ ತೋರಿಸಿದ್ದು 9. ವ್ಯತ್ಯಾಸ 9ರಿಂದ ಶೇಷವಿಲ್ಲದೆ ಭಾಗವಾದರೆ ಮೊದಲ ಅನುಮಾನ ಅಂಕಿ ಅದಲುಬದಲಿನ ಮೇಲೆ. 540 ÷ 9 = 60. ನೂರರ ಮತ್ತು ಹತ್ತರ ಅಂಕಿ ಅದಲಾದರೆ ವ್ಯತ್ಯಾಸ ಅವುಗಳ ಅಂತರದ 90 ಪಟ್ಟು; 540 ಎಂದರೆ 90 × 6. ಅಂದರೆ ಅದಲಾದದ್ದು ನೂರರ ಮತ್ತು ಹತ್ತರ ಸ್ಥಾನದ ಅಂಕಿಗಳು, ಅವುಗಳ ಅಂತರ 6. ತಪ್ಪು ಡೆಬಿಟ್‌ನಲ್ಲಿದ್ದರೆ ಮೂಲ ಮೊತ್ತದ ಆ ಎರಡು ಸ್ಥಾನಗಳಲ್ಲಿ 60, 71, 82 ಅಥವಾ 93 ಇರಬೇಕು. ಕ್ರೆಡಿಟ್‌ನಲ್ಲಿದ್ದರೆ ಇವುಗಳ ಉಲ್ಟಾ. ಅಂಥ ಮೊತ್ತಗಳನ್ನಷ್ಟೇ ನಗದು ಪುಸ್ತಕದಿಂದ ಲೆಡ್ಜರ್‌ಗೆ (ಖಾತೆವಾರು ಪುಸ್ತಕ) ಹೋಲಿಸಬೇಕು. ವಿದ್ಯುತ್ ಬಿಲ್: ನಗದು ಪುಸ್ತಕದಲ್ಲಿ 1,820, ಲೆಡ್ಜರ್‌ನಲ್ಲಿ 1,280.