ಚಿನ್ನದ ರೇಕಿನ ಹಾಲ್, ನನ್ನ ಹೆಬ್ಬೆಟ್ಟು

"ಎಲ್ಲಾ ಕಡೆ ಚಿನ್ನ ಬೇಕು" ಅಂದರು ಮೇಡಂ. ಬೆಂಗಳೂರಿನ ದೊಡ್ಡ ಮನೆ. ಬಂದವರನ್ನು ಕೂರಿಸುವ ಹಾಲ್ ಒಂದೇ 30 ಅಡಿ ಉದ್ದ, 18 ಅಡಿ ಅಗಲ, 14 ಅಡಿ ಎತ್ತರ. ಹಿಂದಿನ ವರ್ಷ ಫ್ರಾನ್ಸ್‌ಗೆ ಹೋಗಿ ವರ್ಸೇಲ್ಸ್ ಅರಮನೆ ನೋಡಿಕೊಂಡು ಬಂದಿದ್ದರು. ಅಲ್ಲಿನ ಕನ್ನಡಿ ಹಜಾರದ ಫೋಟೋಗಳೇ ಫೋನಿನ ತುಂಬಾ. ನನ್ನನ್ನು ಕರೆಸಿದ್ದು ಗೋಲ್ಡ್ ಲೀಫ್, ಅಂದರೆ ತೆಳ್ಳನೆಯ ಚಿನ್ನದ ರೇಕು ಅಂಟಿಸುವ ಕೆಲಸಕ್ಕೆ ಮಾತ್ರ. ಪಿಒಪಿಗೆ (ಪ್ಲಾಸ್ಟರ್ ಆಫ್ ಪ್ಯಾರಿಸ್), ಮಾರ್ಬಲ್‌ಗೆ, ಪರದೆಗೆ ಬೇರೆ ಬೇರೆ ಜನ ಇದ್ದರು.

ನಾನು ಈ ಕಸುಬಿಗೆ ಬಂದದ್ದು ಮೈಸೂರು ಚಿತ್ರಕಲೆಯಿಂದ. ದೇವರ ಪಟದಲ್ಲಿ ಕಿರೀಟ, ಒಡವೆ, ಸೀರೆಯ ಅಂಚಿಗೆ ಮಕ್ಕಿ ಸಫೇದ ಅನ್ನುವ ಹಳದಿ ಲೇಪದಲ್ಲಿ ಸಣ್ಣಗೆ ಉಬ್ಬು ಎಳೆದು, ಅದರ ಮೇಲೆ ಚಿನ್ನದ ರೇಕು ಕೂರಿಸುತ್ತೇವೆ. ಅಲ್ಲಿ ಚಿನ್ನ ಅಂದರೆ ಬೆರಳಗಲದ ಲೆಕ್ಕ. ಪಟದ ಬಹುಪಾಲು ಹಸಿರು, ನೀಲಿ, ಕೆಂಪು. ಹಾಗಾಗಿ ಗೋಡೆಗೆಲ್ಲಾ ಚಿನ್ನ ಅಂದಾಗ ನನಗೆ ಸ್ವಲ್ಪ ಗಾಬರಿಯೇ ಆಯಿತು. ಹೊಟ್ಟೆಪಾಡಿನ ಕೆಲಸ, ಬೇಡ ಅನ್ನೋಕೂ ಆಗಲ್ಲ ಅಲ್ವಾ?

ಅವರ ಫೋಟೋಗಳನ್ನೇ ಮುಂದಿಟ್ಟುಕೊಂಡು ಮಾತಾಡಿದೆ. ಆ ಹಜಾರ ಕಟ್ಟಿದ್ದು 1678ರಿಂದ 1684ರ ನಡುವೆ. ಉದ್ದ 73 ಮೀಟರ್. ಒಂದು ಕಡೆ 17 ದೊಡ್ಡ ಕಿಟಕಿ, ಎದುರಿಗೆ 357 ಕನ್ನಡಿ. ಹಗಲು ಪಕ್ಕದಿಂದ ಬಿಸಿಲು, ರಾತ್ರಿ ಮೇಣದ ಬತ್ತಿ. ಅಂಥ ಅಲ್ಲಾಡುವ, ಮಂದ ಬೆಳಕಿನಲ್ಲಿ ಚಿನ್ನ ಒಂದು ಕಡೆ ಹೊಳೆದು ಇನ್ನೊಂದು ಕಡೆ ಕತ್ತಲಲ್ಲಿ ಅಡಗುತ್ತದೆ. ಇವರ ಪ್ಲಾನ್‌ನಲ್ಲಿ ಸೀಲಿಂಗ್ ತುಂಬಾ ಬಿಳಿ ಎಲ್‌ಇಡಿ. "ಅಷ್ಟು ದೂರ ಯಾಕೆ, ಮೈಸೂರಿಗೆ ಹೋಗಿ ಅಂಬಾವಿಲಾಸದಲ್ಲಿ ಹತ್ತು ನಿಮಿಷ ಸುಮ್ನೆ ನಿಂತು ಬನ್ನಿ ಮೇಡಂ" ಅಂದೆ. 1897ರಲ್ಲಿ ಮರದ ಅರಮನೆ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ನಕ್ಷೆಯಂತೆ ಕಟ್ಟಿ 1912ರಲ್ಲಿ ಮುಗಿಸಿದ ಅರಮನೆ ಅದು. ಅಲ್ಲಿನ ಕಂಬಗಳಲ್ಲಿ ಚಿನ್ನದ ಪಕ್ಕದಲ್ಲೇ ನೀಲಿ ಇದೆ. ಆ ನೀಲಿ ಇಲ್ಲದಿದ್ದರೆ ಅಷ್ಟು ಚಿನ್ನವನ್ನು ಕಣ್ಣು ತಡೆಯುತ್ತಿರಲಿಲ್ಲ.

ಅವರು ಹೋದರೋ ಇಲ್ಲವೋ ಗೊತ್ತಿಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಸ್ಯಾಂಪಲ್. ಗೋಡೆ ಸೀಲಿಂಗಿಗೆ ಸೇರುವ ಕಡೆ ಬರುವ ಪಟ್ಟಿ, ಅಂದರೆ ಕಾರ್ನಿಸಿನ ಎರಡೆರಡು ಅಡಿ ತುಂಡಿಗೆ ರೇಕು ಹಾಕಿದೆ. ಒಂದು ಪೂರ್ತಿ ಚಿನ್ನ. ಇನ್ನೊಂದರಲ್ಲಿ ಮಣಿಸಾಲಿಗೆ ಮಾತ್ರ ಚಿನ್ನ, ಉಳಿದದ್ದು ಕೆನೆ ಬಣ್ಣ. ಸಂಜೆ ಏಳಕ್ಕೆ ಎರಡನ್ನೂ ಮೇಲೆ ಕಟ್ಟಿ ಲೈಟ್ ಹಾಕಿಸಿದೆ. ಸಾರ್ ಆಗ ತಾನೇ ಆಫೀಸಿಂದ ಬಂದಿದ್ದರು. ಪೂರ್ತಿ ಚಿನ್ನದ್ದನ್ನು ನೋಡಿ, "ಸ್ವೀಟ್ ಬಾಕ್ಸ್ ಥರ ಇದೆ ಕಣೇ" ಅಂದರು. ಅಲ್ಲಿಗೆ ಮುಗಿಯಿತು. ನಾನು ಒಂದು ವಾರ ಹೇಳಿದ್ದು ಅವರ ಒಂದು ಮಾತಿನಲ್ಲಿ ಆಗಿಹೋಯಿತು.

ದುಡ್ಡಿನ ಲೆಕ್ಕವೂ ಇತ್ತು. ಅಸಲಿ ರೇಕು 80 ಮಿಲಿಮೀಟರ್ ಚೌಕ, ಒಂದು ಬುಕ್ಕಿನಲ್ಲಿ 25. ಅಂಚಿನ ಮೇಲೆ ಅಂಚು ಸ್ವಲ್ಪ ಹತ್ತಿಸಿ ಕೂರಿಸಿದರೆ ಒಂದು ಬುಕ್ಕಿಗೆ ಒಂದೂವರೆ ಚದರ ಅಡಿ ಬಂದರೆ ಹೆಚ್ಚು. ಹಾಲ್ ಸುತ್ತಳತೆ 96 ಅಡಿ. ಕಾರ್ನಿಸಿನ ಒಂದಡಿ ಅಗಲಕ್ಕೂ ಹಾಕಿದ್ದರೆ 64 ಬುಕ್, ಮೇಲೆ ವೇಸ್ಟ್ ಬೇರೆ. ಎರಡಿಂಚಿನ ಮಣಿಸಾಲಿಗೆ 11 ಬುಕ್ ಸಾಕಾಯಿತು. ಉಳಿದ ದುಡ್ಡಿನಲ್ಲಿ ಬಾಗಿಲ ಚೌಕಟ್ಟು, ಕನ್ನಡಿ ಫ್ರೇಮ್ ಎರಡಕ್ಕೂ ಅಸಲಿ ಚಿನ್ನವೇ ಹಾಕಿದೆವು. ಜನ ಹತ್ತಿರದಿಂದ ನೋಡುವುದು ಅದನ್ನೇ.

ಚಿನ್ನಕ್ಕಿಂತ ಅದರ ಕೆಳಗಿನ ಕೆಲಸವೇ ಜಾಸ್ತಿ. ರೇಕಿನ ದಪ್ಪ ಮೈಕ್ರಾನಿನ ಹತ್ತನೇ ಒಂದು ಭಾಗದಷ್ಟು. ಕೆಳಗೊಂದು ಮರಳಿನ ಕಣ ಇದ್ದರೂ ಮೊಡವೆಯ ಹಾಗೆ ಎದ್ದು ಕಾಣುತ್ತದೆ. ಪಿಒಪಿ ಚೆನ್ನಾಗಿ ಒಣಗಬೇಕು. ಆಮೇಲೆ ಉಜ್ಜಬೇಕು, ಶೆಲ್ಯಾಕ್ (ಅರಗಿನ ವಾರ್ನಿಷ್) ಹೊಡೆಯಬೇಕು. ಇಲ್ಲದಿದ್ದರೆ ಅಂಟನ್ನೆಲ್ಲಾ ಪಿಒಪಿಯೇ ಕುಡಿದುಬಿಡುತ್ತದೆ. ಅದರ ಮೇಲೆ ಇಟ್ಟಿಗೆ ಕೆಂಪಿನ ಬಣ್ಣ. ರೇಕು ಎಲ್ಲಾದರೂ ಬಿರಿದರೆ ಆ ಕೆಂಪು ಇಣುಕುತ್ತದೆ, ಚಿನ್ನಕ್ಕೆ ಬಿಸುಪು ಬರುತ್ತದೆ. ನಮ್ಮ ಪಟಗಳಲ್ಲಿ ಆ ಕೆಲಸ ಮಕ್ಕಿಯ ಹಳದಿ ಮಾಡುತ್ತದೆ.

ಆಮೇಲೆ ಎಣ್ಣೆ ಅಂಟು. ಡಬ್ಬಿಯ ಮೇಲೆ ಮೂರು ಗಂಟೆ ಅಂತ ಬರೆದಿರುತ್ತದೆ, ಅದನ್ನು ನಂಬಬಾರದು. ಬೆರಳಿನ ಗೆಣ್ಣನ್ನು ಮೆಲ್ಲಗೆ ತಾಗಿಸಿ ತೆಗೆದರೆ ಸಣ್ಣಗೆ "ಟಿಕ್" ಅನ್ನಬೇಕು. ಗೆಣ್ಣಿಗೆ ಅಂಟು ಮೆತ್ತಿಕೊಂಡರೆ ಇನ್ನೂ ಹಸಿ. ಆಗ ಹಾಕಿದರೆ ಚಿನ್ನ ಅಂಟಿನಲ್ಲಿ ಮುಳುಗಿ ಹಿತ್ತಾಳೆ ತಟ್ಟೆಯಂತೆ ಮಂಕಾಗುತ್ತದೆ. "ಟಿಕ್" ಅಂದ ಮೇಲೆ ಅಳಿಲ ಕೂದಲಿನ ಚಪ್ಪಟೆ ಬ್ರಷ್ಷನ್ನು ಕೆನ್ನೆಗೊಮ್ಮೆ ಸವರಿಕೊಳ್ಳುತ್ತೇನೆ. ಚರ್ಮದ ಜಿಡ್ಡು ಸಾಕು, ರೇಕು ಬ್ರಷ್ಷಿಗೆ ಹಿಡಿಯುತ್ತದೆ. ಅಂಟಿನ ಹತ್ತಿರ ಒಯ್ದರೆ ತಾನಾಗೇ ಹಾರಿ ಕೂರುತ್ತದೆ. ಉಸಿರು ಬಿಗಿ ಹಿಡಿಯಬೇಕು. ಒಂದು ದಿನ ಎಸಿ ಹುಡುಗರು ಟೆಸ್ಟಿಂಗ್ ಅಂತ ಸ್ವಿಚ್ ಹಾಕಿಬಿಟ್ಟರು. ಇಡೀ ರೇಕು ಗಾಳಿಯಲ್ಲಿ ಉಂಡೆಯಾಗಿ ಪೇಂಟರ್ ಹುಡುಗನ ತಲೆ ಮೇಲೆ ಕೂತಿತು. "ಅಣ್ಣ, ಇದು ನನಗೇ ಅಲ್ವಾ?" ಅಂತ ಅವನು.

ಬೆಳಕಿನ ಜಗಳ ಎಲೆಕ್ಟ್ರಿಷಿಯನ್ ಜೊತೆ. ಅವರು ಹಾಕಿದ್ದ ಬೆಳ್ಳನೆ ಬೆಳಕಿನ 4000 ಕೆಲ್ವಿನ್ ಬಲ್ಬಿನಲ್ಲಿ ಚಿನ್ನ ನಿಂಬೆ ಸಿಪ್ಪೆಯಂತೆ ಕಾಣುತ್ತಿತ್ತು. ಹಳದಿ ಬೆಳಕಿನ 2700ಕ್ಕೆ ಬದಲಾಯಿಸಿ, ಗೋಡೆ ದೀಪಗಳನ್ನು ಜಾಸ್ತಿ ಮಾಡಿ, ಸೀಲಿಂಗಿನವು ಅರ್ಧ ತೆಗೆಸಿದೆವು.

ಇಷ್ಟೆಲ್ಲಾ ಹೇಳಿದ ಮೇಲೆ ನನ್ನ ತಪ್ಪನ್ನೂ ಹೇಳಬೇಕು. ತೂಗುದೀಪದ ಬುಡದಲ್ಲಿ ಸೀಲಿಂಗಿಗೆ ಒಂದು ದೊಡ್ಡ ಪಿಒಪಿ ಹೂವು ಇತ್ತು. 14 ಅಡಿ ಮೇಲೆ ಯಾರು ಮುಟ್ಟುತ್ತಾರೆ ಅಂತ ಅದಕ್ಕೆ ಮಾತ್ರ ಇಮಿಟೇಶನ್ ಲೀಫ್ ಹಾಕಿದೆ, ಮೇಡಂಗೆ ಹೇಳಿಯೇ. ಅದು ತಾಮ್ರ, ಸತು ಸೇರಿದ ಹಿತ್ತಾಳೆ. ಬೆವರು ತಾಗಿದರೆ ಕಪ್ಪಾಗುತ್ತದೆ, ಅದಕ್ಕೇ ಮೇಲೆ ವಾರ್ನಿಷ್ ಬೇಕು. ಏಪ್ರಿಲ್ ತಿಂಗಳು. ಫ್ಯಾನ್ ಇಲ್ಲ, ಎಸಿ ಇಲ್ಲ, ಕಿಟಕಿ ಮುಚ್ಚಿದೆ. ಗ್ಲೌಸ್ ಒದ್ದೆಯಾಯಿತು ಅಂತ ತೆಗೆದಿಟ್ಟೆ.

ಆರು ತಿಂಗಳಾದ ಮೇಲೆ ತೂಗುದೀಪ ಒರೆಸಲು ಬಂದವರು ಏಣಿ ಮೇಲಿಂದ ಫೋಟೋ ತೆಗೆದು ಮೇಡಂಗೆ ತೋರಿಸಿದ್ದಾರೆ. ಅವರು ನನಗೆ ಕಳಿಸಿದರು. ಹೂವಿನ ಒಂದು ಎಸಳ ಮೇಲೆ ಕಂದು ಬಣ್ಣದ ಹೆಬ್ಬೆಟ್ಟು, ಗೆರೆ ಗೆರೆ ಸ್ಪಷ್ಟ. "ಏನ್ರೀ, ಸೈನ್ ಬರಲ್ವಾ? ಹೆಬ್ಬೆಟ್ಟು ಒತ್ತಿದ್ದೀರಲ್ಲ!" ಅಂತ ವಾಯ್ಸ್ ಮೆಸೇಜ್.

ವಾರ್ನಿಷ್ ಅದರ ಮೇಲೆ ಕೂತಿತ್ತು, ಒರೆಸಿದರೆ ಹೋಗುವಂಥದ್ದಲ್ಲ. ಆ ಎಸಳನ್ನು ಕೆರೆದು ಹೊಸ ಲೀಫ್ ಹಾಕಿದೆ. ಈಗ ಅದೊಂದೇ ಎಸಳು ಜಾಸ್ತಿ ಹೊಳೆಯತೊಡಗಿತು. ಬೇರೆ ದಾರಿ ಇರಲಿಲ್ಲ, ಇಡೀ ಹೂವನ್ನೇ ಮತ್ತೆ ಮಾಡಿದೆ. ಎರಡು ದಿನ ಹೋಯಿತು, ಬಿಲ್ ಹಾಕಲಿಲ್ಲ. ಗ್ಲೌಸ್ ಮಾತ್ರ ಆರು ಜೊತೆ ತೆಗೆದುಕೊಂಡು ಹೋಗಿದ್ದೆ.